ಎರಡು ಕೈಯ ಬಕಲ್

ಅಬು ಹಲೀಫಾ, ಕುವೈಟ್
೧೯ ಮೇ ೧೯೯೧, ಭಾನುವಾರ

ರತ್ನಕ್ಕನಿಗೆ ರೋಶನ್ ಮಾಡುವ ನಮಸ್ಕಾರಗಳು.

ನಿನ್ನೆ ಅಲಿಕುಂಞಿಯ ಮುಂದಿನ ಹಲ್ಲೊಂದನ್ನು ಮುರಿದೆ. ಕ್ಷೇಮ ಸಮಾಚಾರಕ್ಕಿಂತ ಮೊದಲು ಇದನ್ನೇ ಬರೆಯಬೇಕಾಗಿದೆ, ಏಕೆಂದರೆ ಹಲ್ಲು ಮುರಿದದ್ದು ನಿಮ್ಮ ಕಾಗದದ ಕಾರಣಕ್ಕೆ.

ಊರಿಗೂ ಇಲ್ಲಿಗೂ ಓಡಾಡುವ ಡೋಲ್ಫಿ ನಿನ್ನೆ ಬೊಂಬಾಯಿಯಿಂದ ಬರುವಾಗ ನಿಮ್ಮ ಕಾಗದ ತಂದುಕೊಟ್ಟ. ನಿಮ್ಮ ತಮ್ಮ ಸುಕುಮಾರ ಮಲಗಿದ್ದಾಗ ಕಟ್ಟಡದ ಮೇಲೆ ಶೆಲ್ ಬಿತ್ತು, ಅವನಿಗೆ ಏನೂ ಗೊತ್ತಾಗಲಿಲ್ಲ ಎಂದು ಅಲಿಕುಂಞಿ ನಿಮಗೆ ತಿಳಿಸಿದ್ದಾನೆಂದು ಅದರಲ್ಲಿ ಇತ್ತು. ಅವನು ಹಾಗೆ ಬರೆದದ್ದು ನನಗೆ ಗೊತ್ತಿರಲಿಲ್ಲ. ಕಾಗದ ಹಿಡಿದುಕೊಂಡೇ ಕೆಳಗಿಳಿದು ಅವನ ಅಂಗಡಿಗೆ ಹೋದೆ. ಅವನು ಅಕ್ಕಿಯ ಚೀಲಗಳನ್ನು ಜೋಡಿಸುತ್ತಿದ್ದ. ಯಾಕೆ ಸುಳ್ಳು ಬರೆದೆ ಎಂದು ಕೇಳಿದೆ.

"ಸತ್ತವ ಹೇಗೂ ಸತ್ತ, ಮೋನೆ. ಬದುಕಿದವರನ್ನು ಯಾಕೆ ದಿನಾ ಕೊಲ್ಲುದು?" ಎಂದ.

ನಾನು ಹೊಡೆದೆ. ಅವನು ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ನನ್ನನ್ನು ಮೋನೆ, ಮಗನೇ ಎಂದೇ ಕರೆಯುವವನು. ತಿರುಗಿ ಹೊಡೆಯಲಿಲ್ಲ. ಅಂಗೈಗೆ ರಕ್ತ ಉಗುಳಿ, ಅದರಲ್ಲಿದ್ದ ಹಲ್ಲನ್ನು ಬೆರಳಿನಿಂದ ಹೊರಳಿಸಿ ನೋಡಿ, "ಇದು ಕೂಡ ಶೆಲ್ ಬಿದ್ದೇ ಹೋಯ್ತು ಅಂತ ಊರಿಗೆ ಬರೀತೇನೆ, ಆಯ್ತಾ?" ಎಂದ. ಆಮೇಲೆ ಇಬ್ಬರೂ ಚೀಲಗಳ ಮೇಲೆ ಕೂತೆವು. ನನಗೇ ಚಹಾ ಮಾಡಿಕೊಟ್ಟ. ಅವನು ಕುಡಿಯಲಿಲ್ಲ, ಬಾಯಿ ಉರಿಯುತ್ತಿತ್ತು.

ನಿಮ್ಮ ಕಾಗದದಲ್ಲಿ ಎರಡು ಮಾತಿದ್ದವು. ಒಂದು, ಅವನಿಗೆ ನೋವಾಗಲಿಲ್ಲ ಅಲ್ಲವಾ ಎಂದು ಕೇಳಿದ್ದೀರಿ. ಇನ್ನೊಂದು, ಅವನ ಕೋಣೆ ಹಾಗೇ ಇದೆ, ಅವನ ಹೊಲಿಗೆ ಮಿಷನ್ನೂ ಇದೆ, ಊರಿಗೆ ಬಂದರೆ ಬೇರೆಲ್ಲೂ ಹೋಗಬೇಡ, ನಮ್ಮಲ್ಲಿಗೇ ಬಾ, ತಮ್ಮನ ಜಾಗದಲ್ಲಿ ನೀನಿರು ಎಂದಿದ್ದೀರಿ. ಬರಲು ನನಗೆ ಎಷ್ಟು ಆಸೆಯಿದೆ ಎಂದು ಬರೆದರೆ ನಿಮಗೆ ನಗು ಬರಬಹುದು. ನನಗೆ ಹೋಗಲು ಬೇರೆ ಮನೆ ಇಲ್ಲ. ಆದರೆ ಶೆಲ್ಲಿನ ಕಥೆ ನಂಬಿ ನೀವು ಬಾಗಿಲು ತೆರೆದರೆ ನಾನು ಒಳಗೆ ಬರಲಾರೆ. ಹಾಗಾಗಿ ನಡೆದದ್ದನ್ನು ಬರೆಯುತ್ತೇನೆ. ಓದಿದ ಮೇಲೆ ನಾನು ಬರುವುದೋ ಬೇಡವೋ ನೀವೇ ಹೇಳಿ.

ನಾನು ಸುಳ್ಳು ಹೇಳುವವನಲ್ಲ ಎಂದು ನಿಮಗೆ ಗೊತ್ತು. ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಮಾಸ್ತರರು ನಾನು ಕಾಪಿ ಹೊಡೆದೆ ಎಂದಾಗ ಕಂಪಾಸ್ ಪೆಟ್ಟಿಗೆ ಎಸೆದು ಅವರ ಹಣೆ ಒಡೆದೆ. ಕ್ಷಮೆ ಕೇಳಿದರೆ ಸೇರಿಸಿಕೊಳ್ಳುತ್ತೇವೆ ಎಂದರು. ಮಾಡದ ತಪ್ಪಿಗೆ ಕೇಳುವುದಿಲ್ಲ ಎಂದು ಹೊರಟವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮೂರು ವರ್ಷ ಅಲ್ಲಿ ಇಲ್ಲಿ ಅಲೆದವನಿಗೆ ವೀಸಾ ಮಾಡಿಸಿ ಇಲ್ಲಿಗೆ ಕರೆಸಿಕೊಂಡವನು ಸುಕುಮಾರ. ಅರ್ದಿಯಾದಲ್ಲಿ ಅವನಿದ್ದ ಡೇರೆ ಹೊಲಿಯುವ ಶೆಡ್ಡಿನಲ್ಲೇ ನನಗೂ ಕೆಲಸ ಸಿಕ್ಕಿತು. ಅವನು ಹೊಲಿಯುವುದು, ನಾನು ಕತ್ತರಿಸುವುದು. ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು, ಮುಂದಕ್ಕೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ: ಕತ್ತರಿಸಿದವನಿಗೆ ತುಂಡು. ಡೇರೆ ಕತ್ತರಿಸಿ ಉಳಿದ ಬಟ್ಟೆ, ಪಟ್ಟಿ, ಕಬ್ಬಿಣದ ಬಕಲ್ ಎಲ್ಲವೂ ನನ್ನವು. ನಮಗೆ ವೀಸಾ ಕೊಟ್ಟ ಮಾಲೀಕ, ಕಫೀಲ್, ಕೂಡ ಅದನ್ನು ಕೇಳುತ್ತಿರಲಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಸೈಮನ್ ಎಂಬ ಇಂಗ್ಲಿಷ್ ಇಂಜಿನಿಯರ್ ಶೆಡ್ಡಿಗೆ ಬಂದ. ಜೊತೆಗೊಂದು ಹೆಣ್ಣು ನಾಯಿ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಬೂದಿ ಬಣ್ಣ. ಅದರ ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ಬರಲಿಲ್ಲ, ಬೆಳ್ಳಿಯ ಹಾಗಿದೆ ಎಂದು ಸುಕುಮಾರ ತುಳುವಿನಲ್ಲಿ ಬೊಳ್ಳಿ ಎಂದು ಕರೆದ, ನಾಯಿ ಅದೇ ದಿನ ಆ ಹೆಸರಿಗೆ ತಿರುಗಿ ನೋಡಿತು. ಸೈಮನ್ ಆ ನಾಯಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಓಡುವವನು. ನಾಯಿ ಮುಂದೆ ಎಳೆಯುತ್ತದೆ, ಮನುಷ್ಯ ಹಿಂದೆ ಓಡುತ್ತಾನೆ. ಅದಕ್ಕೆ ನಾಯಿಗೊಂದು ಎದೆಪಟ್ಟಿ, ಮನುಷ್ಯನಿಗೊಂದು ಸೊಂಟದ ಬೆಲ್ಟು, ನಡುವೆ ರಬ್ಬರು ಸೇರಿಸಿದ ಹಗ್ಗ. ಅವನದು ಹರಿದಿತ್ತು. ಹೊಸದು ಬೇಕೆಂದು ಇಂಗ್ಲೆಂಡಿನ ಒಂದು ಚಿತ್ರದ ಪುಸ್ತಕ ತೆರೆದಿಟ್ಟ.

ಸುಕುಮಾರ ಟೇಪು ತೆಗೆದು ನಾಯಿಯ ಎದೆ ಅಳೆಯಲು ಕೂತ. ಊರಿನಲ್ಲಿ ನಿಮ್ಮ ನೆರೆಯವರಿಗೆಲ್ಲ ರವಿಕೆ ಹೊಲಿದ ಕೈ ಅದು. "ಮಾರಾಯ, ಇವಳ ರವಿಕೆಗೆ ಕುತ್ತಿಗೆ ಎಷ್ಟು ಇಳಿಸುದು ಕೇಳು," ಎಂದು ನನಗೆ ಹೇಳಿದ. ಸೈಮನ್ ಏನು ಏನು ಎಂದು ಕೇಳಿದ. ಹೇಳಲು ನಮಗೆ ಅಷ್ಟು ಇಂಗ್ಲಿಷ್ ಇರಲಿಲ್ಲ.

ಸೈಮನ್ ಕಲಿಸಿಕೊಟ್ಟ. ಪಟ್ಟಿ ಗಂಟಲಿಗೆ ಒತ್ತಬಾರದು, ಎದೆಯ ಮೂಳೆಯ ಮೇಲೆ ಬರಬೇಕು. ಭುಜದ ಕೀಲು ಸಲೀಸಾಗಿ ಆಡುವಂತಿರಬೇಕು, ಇಲ್ಲವಾದರೆ ಹತ್ತು ದಿನಕ್ಕೆ ನಾಯಿ ಕುಂಟುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ. ಮನುಷ್ಯನ ಬೆಲ್ಟು ಹೊಟ್ಟೆಗಲ್ಲ, ಸೊಂಟದ ಮೂಳೆಗೆ ಕೂರಬೇಕು. ಚಳಿಗಾಲಕ್ಕೆ ನಾಯಿಗೆ ಅಂಗಿ ಬೇಕು, ಅದಕ್ಕೆ ಕೂದಲು ಕಡಿಮೆ. ಹೊರಗೆ ಗಾಳಿ ತಡೆಯುವ ಬಟ್ಟೆ, ಒಳಗೆ ಫ್ಲಾನೆಲ್. ಬಣ್ಣ ಕಿತ್ತಳೆಯೇ ಆಗಬೇಕೆಂದ, ಕಾರಿನವರಿಗೆ ಕಾಣಬೇಕಲ್ಲ.

ಎಲ್ಲವನ್ನೂ ಅವನು ಹೇಳಿದಂತೆಯೇ ಮಾಡಿದೆವು, ಒಂದನ್ನು ಬಿಟ್ಟು. ಅವನ ಹಳೆಯ ಬೆಲ್ಟಿನಲ್ಲಿ ಪ್ಲಾಸ್ಟಿಕ್ಕಿನ ಒಂದು ಕೊಂಡಿ ಇತ್ತು, ಒಂದು ಬೆರಳಿನಿಂದ ಒತ್ತಿದರೆ ಕಳಚುವಂಥದ್ದು. ಅದು ಒಡೆದುಹೋಗಿತ್ತು. ನಾನು ಡೇರೆಯ ಬಕಲ್ ಹಾಕಿದೆ: ಕಬ್ಬಿಣ, ಎರಡು ಮುಳ್ಳು, ಗಾಳಿಗೆ ಡೇರೆ ಹಾರಿದರೂ ಅದು ಬಿಡುವುದಿಲ್ಲ. ಬಿಚ್ಚಬೇಕಾದರೆ ಒಂದು ಕೈಯಲ್ಲಿ ಪಟ್ಟಿ ಒಳಕ್ಕೆ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಮುಳ್ಳು ಎತ್ತಬೇಕು. ಸೈಮನ್ ಎರಡು ಸಲ ಬಿಚ್ಚಿ ಹಾಕಿ ನೋಡಿ ಮುಖ ಸಣ್ಣ ಮಾಡಿದ. ಬೇಗ ಬಿಚ್ಚಲು ಬರುವಂಥದ್ದು ಸಿಗಬಹುದಾ ಎಂದು ಸುಕುಮಾರನೂ ಕೇಳಿದ. ಬೇಗ ಬಿಚ್ಚುವುದು ಬೇಗ ಮುರಿಯುತ್ತದೆ ಎಂದು ನಾನು ಹಟ ಹಿಡಿದೆ. ಆ ಬಕಲ್ ನನ್ನದು, ರತ್ನಕ್ಕ. ಆರಿಸಿದವನು ನಾನು.

ಆಗಸ್ಟಿನಲ್ಲಿ ಇರಾಕಿಗಳು ಬಂದರು. ಅದೆಲ್ಲ ನೀವು ರೇಡಿಯೋದಲ್ಲಿ ಕೇಳಿದ್ದೀರಿ. ಶೆಡ್ಡನ್ನು ಮೊದಲ ವಾರವೇ ದೋಚಿದರು. ಮಿಷನ್ ಕೊಡುವುದಿಲ್ಲ ಎಂದು ಅಡ್ಡ ನಿಂತ ಪಠಾಣ ವಾಚ್‌ಮನ್ನನ ಎರಡೂ ಮೊಣಕಾಲಿಗೆ ಗುಂಡು ಹೊಡೆದರು. ಅವನು ರಕ್ತದಲ್ಲಿ ತೆವಳಿಕೊಂಡು ಗೇಟಿನ ತನಕ ಬಂದದ್ದನ್ನು ನಾವಿಬ್ಬರೂ ನೋಡಿದ್ದೇವೆ. ಕೈಗೆ ಸಿಕ್ಕಿದ ಒಂದು ಗಂಟು ಹೊತ್ತುಕೊಂಡು ಅಬು ಹಲೀಫಾದಲ್ಲಿ ಅಲಿಕುಂಞಿಯ ಅಂಗಡಿಯ ಮೇಲಿನ ಕೋಣೆಗೆ ಓಡಿಬಂದೆವು. ಪಾಸ್‌ಪೋರ್ಟ್ ಕಫೀಲನ ಪೆಟ್ಟಿಗೆಯಲ್ಲಿದೆ, ಹಾಗಾಗಿ ಬರಲಾಗುವುದಿಲ್ಲ ಎಂದು ನಿಮಗೆ ಹೇಳಿಕಳಿಸಿದ್ದೆವು. ಅದು ಅರ್ಧ ನಿಜ. ಪಾಸ್‌ಪೋರ್ಟ್ ಇಲ್ಲದೆ ಒಂದು ಚೀಟಿಯ ಮೇಲೆ ಅಮ್ಮಾನಿನ ಬಸ್ಸು ಹತ್ತಿದವರು ಸಾವಿರಾರು ಜನ. ನಮಗೂ ಜಾಗವಿತ್ತು. ಸುಕುಮಾರ ಹೋಗಲಿಲ್ಲ, ಸೈಮನ್‌ಗಾಗಿ.

ಇಂಗ್ಲಿಷರನ್ನು ಅವರು ಹಿಡಿದು ಒಯ್ಯುತ್ತಿದ್ದರು. ಸೈಮನ್ ಫಿಂಟಾಸಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಪರದೆ ಎಳೆದು ಅಡಗಿದ್ದ. ಅಡಗಿಸಿದವರಿಗೆ ಮರಣದಂಡನೆ ಎಂದು ಗೋಡೆಗಳ ಮೇಲೆ ಅಂಟಿಸಿದ್ದರು. ಬೊಳ್ಳಿ ಓಡದೆ ಇರಲಾರದ ನಾಯಿ. ಎರಡು ದಿನ ಓಡದಿದ್ದರೆ ಬಾಗಿಲಿಗೆ ಮೂಗಿಟ್ಟು ಊಳಿಡುತ್ತಿತ್ತು. ಒಂದೇ ಒಂದು ಊಳು ಸಾಕು, ಸೈಮನ್ ಸಿಕ್ಕಿಬೀಳುತ್ತಿದ್ದ. ಆದ್ದರಿಂದ ಅದನ್ನು ಬೆಲ್ಟು, ಪಟ್ಟಿ, ಅಂಗಿಯ ಸಮೇತ ನಮ್ಮ ಕೋಣೆಗೆ ತಂದೆವು. ಬೆಳಿಗ್ಗೆ ಕರ್ಫ್ಯೂ ಮುಗಿದ ಮೇಲೆ ಹತ್ತು ಗಂಟೆಗೆ ಸಮುದ್ರದ ರಸ್ತೆಯಲ್ಲಿ ಅಬು ಹಲೀಫಾದಿಂದ ಫಿಂಟಾಸಿಗೆ ಓಡುತ್ತಿದ್ದೆವು. ಎದೆಪಟ್ಟಿಯ ಒಳಬದಿಗೆ ಸುಕುಮಾರ ಒಂದು ಸಣ್ಣ ಚೀಲ ಹೊಲಿದಿದ್ದ. ಅದರಲ್ಲಿ ಸೈಮನ್‌ನ ಬ್ಲಡ್ ಪ್ರೆಶರ್ ಗುಳಿಗೆ, ರೇಡಿಯೋದ ಬ್ಯಾಟರಿ. ಎರಡೂ ಅಲಿಕುಂಞಿ ಹೊಂದಿಸುತ್ತಿದ್ದದ್ದು. ದಾರಿಯ ಚೆಕ್‌ಪೋಸ್ಟಿನ ಸೈನಿಕರು ಹಳಬರು, ನಮ್ಮನ್ನು ನೋಡಿ ನಗುತ್ತಿದ್ದರು. ಸುಕುಮಾರನಿಗೆ ನಾಯಿಯ ಅಪ್ಪ ಎಂದು ಅರಬಿಯಲ್ಲಿ ಹೆಸರಿಟ್ಟಿದ್ದರು. ಅವನು ಸಲಾಂ ಹೊಡೆಯುತ್ತಿದ್ದ. ನಾಯಿ ಮುಟ್ಟಿದರೆ ಅವರ ಧರ್ಮದಲ್ಲಿ ಅಶುದ್ಧ, ಹಾಗಾಗಿ ತಪಾಸಣೆ ಮಾಡಲು ಯಾರೂ ಮುಂದೆ ಬರುತ್ತಿರಲಿಲ್ಲ.

ನಾವು ಓಡುವ ಕ್ರಮ ಹೀಗೆ: ಅರ್ಧ ದಾರಿ ಒಬ್ಬ, ಅರ್ಧ ದಾರಿ ಇನ್ನೊಬ್ಬ. ನಡುವೆ, ಚೆಕ್‌ಪೋಸ್ಟಿಗಿಂತ ಸ್ವಲ್ಪ ಮೊದಲು, ಒಡೆದುಹೋದ ಒಂದು ಐಸ್‌ಕ್ರೀಂ ಗೂಡಂಗಡಿ ಇತ್ತು, ಅಲ್ಲಿ ಬೆಲ್ಟು ಬದಲಾಯಿಸುವುದು. ಬೆಲ್ಟಿಲ್ಲದವನು ಹಿಂದೆ ಬರುವುದು.

ನವೆಂಬರಿನಲ್ಲಿ ಚಳಿ ಬಂತು. ಬೊಳ್ಳಿ ಬೆಳಿಗ್ಗೆ ನಡುಗುತ್ತಿತ್ತು. ಕಿತ್ತಳೆ ಅಂಗಿ ಹಾಕುವಂತಿರಲಿಲ್ಲ, ಒಂದು ಮೈಲಿ ದೂರಕ್ಕೆ ಕಾಣುತ್ತದೆ. ಹೊಸದು ಮಾಡಬೇಕಾಯಿತು. ಶೆಡ್ಡಿನಿಂದ ತಂದ ಗಂಟಿನಲ್ಲಿ ಎರಡು ಬಟ್ಟೆ ಇದ್ದವು. ಒಂದು ನೀಲಿ ಪ್ಲಾಸ್ಟಿಕ್, ಲಾರಿಗೆ ಹೊದಿಸುವಂಥದ್ದು. ಇನ್ನೊಂದು ಕಂದು ಕ್ಯಾನ್ವಾಸ್, ಕುವೈಟಿ ಸೈನ್ಯಕ್ಕೆ ಡೇರೆ ಹೊಲಿದಾಗ ಉಳಿದದ್ದು, ಮೂಲೆಯಲ್ಲಿ ಕಪ್ಪು ಬಣ್ಣದ ಅವರ ಮುದ್ರೆ. ಸುಕುಮಾರ ನೀಲಿ ಸಾಕು ಎಂದ. ನೀಲಿ ಬೆವರು ಹಿಡಿಯುತ್ತದೆ, ಕಂಕುಳು ಕೆತ್ತುತ್ತದೆ, ಕ್ಯಾನ್ವಾಸೇ ನಾಯಿಗೆ ಒಳ್ಳೆಯದು ಎಂದೆ. ಅದು ನಿಜವೂ ಆಗಿತ್ತು. ಮುದ್ರೆ ಉಂಟಲ್ಲ ಮಾರಾಯ, ಇರಾಕಿಗಳು ಕಂಡರೆ ಬಿಡ್ಲಿಕ್ಕಿಲ್ಲ ಎಂದ. ಅದನ್ನು ಒಳಬದಿಗೆ ಹಾಕಿದರೆ ಯಾರು ನಾಯಿಯ ಅಂಗಿ ಎತ್ತಿ ನೋಡುತ್ತಾರೆ ಎಂದೆ. ಮುದ್ರೆಯ ಭಾಗವನ್ನು ಕತ್ತರಿಸಿ ಬಿಸಾಡಬಹುದಿತ್ತು. ಆದರೆ ಕತ್ತರಿಸಿದವನಿಗೆ ತುಂಡು ಎಂಬ ಲೆಕ್ಕದಲ್ಲಿ ಕೂಡಿಟ್ಟವನಿಗೆ ಒಂದು ಗೇಣು ಬಟ್ಟೆ ಬಿಸಾಡುವುದೂ ಕಷ್ಟ. ಬಿಸಾಡಲಿಲ್ಲ.

ನವೆಂಬರ್ ಇಪ್ಪತ್ತಾರು, ಸೋಮವಾರ. ಚೆಕ್‌ಪೋಸ್ಟಿನಲ್ಲಿ ಹಳಬರು ಇರಲಿಲ್ಲ. ಬೇರೆ ಟೋಪಿಯ, ಬೇರೆ ಮುಖದ ಜನ ಬಂದಿದ್ದರು. ಗೂಡಂಗಡಿಯ ಹತ್ತಿರ ಬೆಲ್ಟು ನನಗೆ ಬರಬೇಕಿತ್ತು. ಸುಕುಮಾರ ಅಲ್ಲಿ ನಿಲ್ಲಲಿಲ್ಲ. ಓಡುವ ಖುಷಿಯಲ್ಲಿದ್ದ, ಹಾಗೇ ಮುಂದೆ ಹೋದ. ನಾನು ಹಿಂದೆ ಉಳಿದೆ. ಇನ್ನೂರು ಹೆಜ್ಜೆ ಇರಬಹುದು.

ಅವರು ನಿಲ್ಲಿಸಿದರು. ಅವನು ಸಲಾಂ ಹೊಡೆದ. ಯಾರೂ ನಗಲಿಲ್ಲ. ಒಬ್ಬ ಬಂದೂಕಿನ ತುದಿಯಿಂದ ಬೊಳ್ಳಿಯ ಅಂಗಿಯ ಅಂಚು ಎತ್ತಿದ. ಮುದ್ರೆ ಕಂಡಿರಬೇಕು. ಅವನು ಕೂಗಿ ಇನ್ನೊಬ್ಬನನ್ನು ಕರೆದ. ಎರಡನೆಯವನು ಅಂಗಿಗೆ ಕೈ ಹಾಕಿ ಎಳೆದ. ಬೊಳ್ಳಿ ತಿರುಗಿ ಅವನ ಮಣಿಕಟ್ಟು ಕಚ್ಚಿತು. ಅದು ಅಲ್ಲಿಯ ತನಕ ಯಾರನ್ನೂ ಕಚ್ಚಿದ್ದಿಲ್ಲ. ಮೊದಲನೆಯವನು ಅದರ ತಲೆಗೆ ಗುಂಡು ಹೊಡೆದ. ತಲೆಯ ಅರ್ಧ ಹೋಯಿತು. ಅದು ಬಿದ್ದ ರಭಸಕ್ಕೆ ಹಗ್ಗ ಎಳೆದು ಸುಕುಮಾರ ಮಂಡಿಯೂರಿ ಬಿದ್ದ.

ಕೈ ಎತ್ತು ಎಂದರು. ಎತ್ತಿದ. ಎದ್ದು ಬಾ ಎಂದರು. ಏಳಲು ಹೋದ. ಇಪ್ಪತ್ತೆರಡು ಕಿಲೋ ಭಾರದ ಸತ್ತ ನಾಯಿ ಅವನ ಸೊಂಟಕ್ಕೆ ಕಟ್ಟಿತ್ತು. ಮತ್ತೆ ಕುಸಿದ. ಒಬ್ಬ ಬಂದೂಕಿನ ಹಿಡಿಯಿಂದ ಕಿವಿಯ ಮೇಲೆ ಹೊಡೆದ. ಮತ್ತೊಮ್ಮೆ ಹೊಡೆದ. ಎದ್ದು ಬಾ ಎಂದೇ ಕೂಗುತ್ತಿದ್ದರು. ಆಗ ಸುಕುಮಾರ "ಏಕ್ ಮಿನಿಟ್ ಭಾಯಿ, ಏಕ್ ಮಿನಿಟ್," ಎಂದು ಎತ್ತಿದ ಎರಡೂ ಕೈಗಳನ್ನು ಕೆಳಗಿಳಿಸಿ ಬಕಲ್ಲಿಗೆ ಹಾಕಿದ.

ಒಂದೇ ಕೈಯಲ್ಲಿ ಬಿಚ್ಚುವಂಥದ್ದಾಗಿದ್ದರೆ ಇನ್ನೊಂದು ಕೈ ಮೇಲೆಯೇ ಇರುತ್ತಿತ್ತು. ಎರಡೂ ಕೈ ಸೊಂಟಕ್ಕೆ ಹೋದದ್ದನ್ನು ಅವರು ಕಂಡರು. ಮೂರು ಗುಂಡು ಹೊಡೆದರು. ಎರಡು ಹೊಟ್ಟೆಗೆ, ಒಂದು ತೊಡೆಗೆ.

ನೀವು ಕೇಳಿದ್ದಕ್ಕೆ ಉತ್ತರ: ನೋವಾಯಿತು. ಒಂದು ಕಾರಿನ ಸೀಟಿಗೆ ಕವರ್ ಹೊಲಿಯುವಷ್ಟು ಹೊತ್ತು ಅವನಿಗೆ ಜೀವ ಇತ್ತು. ಡಾಂಬರು ಕೆರೆಯುತ್ತಿದ್ದ. ಕೂಗುತ್ತಿದ್ದ. ನಾನು ಗೂಡಂಗಡಿಯ ಹಿಂದೆ ಹೊಟ್ಟೆಯ ಮೇಲೆ ಮಲಗಿ ಕೇಳುತ್ತಿದ್ದೆ. ಹೋಗಲಿಲ್ಲ. ಕಂಪಾಸ್ ಪೆಟ್ಟಿಗೆ ಎಸೆದ ಧೈರ್ಯ ಎಲ್ಲಿತ್ತೋ ಗೊತ್ತಿಲ್ಲ. ಅಷ್ಟು ಹೊತ್ತೂ ಅವನ ಕೈಗಳು ಬಕಲ್ಲಿಗೆ ಹೋಗಿ ಹೋಗಿ ಜಾರುತ್ತಿದ್ದವು.

ಮಧ್ಯಾಹ್ನದ ನಂತರ ಅಲಿಕುಂಞಿ ಬಿಳಿ ಬಟ್ಟೆ ಹಿಡಿದು, ಸಿಗರೇಟಿನ ಎರಡು ಪೆಟ್ಟಿಗೆ ಕೊಟ್ಟು ಹೆಣ ಕೇಳಿ ತಂದ. ಅವನೇ ಎರಡೂ ಕೈ ಹಾಕಿ ಬಕಲ್ ಬಿಚ್ಚಿದ್ದು. ನನ್ನ ಕೈ ಬರಲಿಲ್ಲ. ಇಲ್ಲಿ ಸುಡುವಂತಿಲ್ಲ, ಊರಿಗೆ ಕಳಿಸುವಂತಿರಲಿಲ್ಲ. ಖಾಲಿ ಶಾಲೆಯ ಹಿಂದಿನ ಮರಳಿನಲ್ಲಿ ಗುಂಡಿ ತೋಡಿದೆವು. ಹೂಳುವಾಗ ನಿಮ್ಮ ಜನ ಏನು ಮಂತ್ರ ಹೇಳುದು ಎಂದು ಅಲಿಕುಂಞಿ ನನ್ನನ್ನು ಕೇಳಿದ. ನನಗೆ ಒಂದು ಮಂತ್ರವೂ ಗೊತ್ತಿರಲಿಲ್ಲ. ಅವನ ಅಂಗಡಿಯ ಕುಚ್ಚಲಕ್ಕಿ ಒಂದು ಹಿಡಿ ಬಾಯಿಗಿಟ್ಟು ನೀರು ಬಿಟ್ಟೆ. ಬೊಳ್ಳಿಯನ್ನು ಕಾಲ ಬುಡದಲ್ಲಿ ಮಲಗಿಸಿದೆವು. ಅದನ್ನು ಎತ್ತಿ ತಂದವನೂ ಅಲಿಕುಂಞಿಯೇ. ಆಮೇಲೆ ಏಳು ಸಲ ಕೈ ತೊಳೆದುಕೊಂಡು ಮೂಲೆಯಲ್ಲಿ ಕೂತು ಅತ್ತ. ಆ ಮನುಷ್ಯನ ಹಲ್ಲು ಮುರಿದೆ ನಾನು.

ಗುಳಿಗೆಗಳನ್ನು ಮರುದಿನ ಅಲಿಕುಂಞಿ ಬೇರೆ ದಾರಿಯಲ್ಲಿ ಮುಟ್ಟಿಸಿದ. ಇನ್ನೂ ಎರಡು ವಾರವೂ ಆಗಿರಲಿಲ್ಲ, ಇಂಗ್ಲಿಷರನ್ನೆಲ್ಲ ಬಿಟ್ಟುಬಿಡುತ್ತೇವೆ ಎಂದು ರೇಡಿಯೋದಲ್ಲಿ ಬಂತು. ಸೈಮನ್ ಊರಿಗೆ ಹೋದ.

ಇನ್ನೊಂದು ಬರೆಯಲಿಕ್ಕಿದೆ. ಇರಾಕಿಗಳು ಓಡಿಹೋದ ಮೇಲೆ, ಮಾರ್ಚಿನಲ್ಲಿ, ನಮ್ಮ ಬೀದಿಯಲ್ಲಿ ಅರ್ಧ ಕಟ್ಟಿದ ಕಟ್ಟಡದ ಪಂಪಿನ ಕೋಣೆಯಲ್ಲಿ ಒಬ್ಬ ಸೈನಿಕ ಸಿಕ್ಕಿದ. ನಲವತ್ತು ದಾಟಿದವನು, ಬಂದೂಕಿಲ್ಲ, ಚಳಿಗೆ ಕೈಗೆ ಕಾಲುಚೀಲ ಹಾಕಿಕೊಂಡಿದ್ದ. ಜನ ಎಳೆದು ಬೀದಿಗೆ ತಂದರು. ನಾನು ಮೇಲೆ ಓಡಿ ಆ ಬೆಲ್ಟು ತಂದೆ. ಬಕಲ್ ಇರುವ ತುದಿಯಿಂದ ಮುಖಕ್ಕೆ ಹೊಡೆದೆ. ಹುಬ್ಬು ಬಿರಿದು ಎಲುಬು ಕಂಡಿತು. ಅವನು ಕಾಲುಚೀಲದ ಕೈಗಳನ್ನು ಎತ್ತಿದ. ಮತ್ತೆ ಹೊಡೆದೆ. ಎತ್ತಿದ ಕೈಗಳನ್ನು ಅವನು ಇಳಿಸಲೇ ಇಲ್ಲ, ನಾನು ನಿಲ್ಲಿಸಲೂ ಇಲ್ಲ. ಕೊನೆಗೆ ಅಲಿಕುಂಞಿ ಅವನ ಮೇಲೆ ಅಡ್ಡ ಬಿದ್ದು ಎರಡು ಏಟು ತಿಂದ. "ಖಲಾಸ್, ಸಾಕು, ಮೋನೆ. ಇವ ಅವ ಅಲ್ಲ," ಎಂದ. ಅವನಲ್ಲ ಎಂದು ನನಗೆ ಮೊದಲ ಏಟಿಗೇ ಗೊತ್ತಿತ್ತು. ಒಂದು ಟ್ರಕ್ಕಿನಲ್ಲಿ ಅವನನ್ನು ಒಯ್ದರು. ಬದುಕಿದನೋ ಇಲ್ಲವೋ ತಿಳಿಯದು.

ಬೆಲ್ಟನ್ನು ಡೋಲ್ಫಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ತೊಳೆದಿದ್ದೇನೆ, ಆದರೆ ಹೊಲಿಗೆಯ ದಾರದಲ್ಲಿ ಕಪ್ಪು ಉಳಿದಿದೆ. ಆ ಹೊಲಿಗೆ ಅವನ ಕೈಯದು, ಒಂದು ಅಂಗುಲಕ್ಕೆ ಎಂಟು. ನೀವೊಮ್ಮೆ ಸೊಂಟಕ್ಕೆ ಕಟ್ಟಿ ಬಿಚ್ಚಿ ನೋಡಿ. ಆಗ ನಾನು ಬರೆದದ್ದು ತಿಳಿಯುತ್ತದೆ. ಇಲ್ಲಿ ಈಗ ನಡುಹಗಲಿಗೂ ದೀಪ ಹಚ್ಚಬೇಕು, ಇರಾಕಿಗಳು ಬೆಂಕಿ ಇಟ್ಟುಹೋದ ಎಣ್ಣೆಬಾವಿಗಳ ಹೊಗೆ. ಈ ಕಾಗದದ ಮೇಲೂ ಮಸಿ ಕೂತಿದೆ, ಒರೆಸಿದರೆ ಹರಡುತ್ತದೆ ಎಂದು ಹಾಗೇ ಬಿಟ್ಟಿದ್ದೇನೆ.

ಬಟ್ಟೆ ನಾನು ಆರಿಸಿದ್ದು. ಬಕಲ್ ನಾನು ಆರಿಸಿದ್ದು. ಇದಿಷ್ಟು ತಿಳಿದೂ ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ನಿಮ್ಮ ಮೇಲೆ ಬೇಸರವಿಲ್ಲ.

ನಿಮ್ಮ ತಮ್ಮನ ಅನ್ನ ಉಂಡವನು,
ರೋಶನ್

ತಾಜಾಕಲಂ: ಲಕೋಟೆ ಅಂಟಿಸಿ ಡೋಲ್ಫಿಗೆ ಕೊಟ್ಟಿದ್ದೆ. ಮೆಟ್ಟಿಲು ಇಳಿದವನನ್ನು ಮತ್ತೆ ಕರೆದು, ಕಸಿದು, ಹರಿದು ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಸುಕುಮಾರ ಗೂಡಂಗಡಿಯ ಹತ್ತಿರ ನಿಂತಿದ್ದ. ಬೆಲ್ಟು ಬಿಚ್ಚಿ ನನ್ನ ಕೈಗೆ ಕೊಟ್ಟೂ ಆಗಿತ್ತು. ದೂರದಲ್ಲಿ ಹೊಸ ಟೋಪಿಗಳು ನನಗೆ ಕಂಡವು. ಕಾಲು ಉಳುಕಿದೆ, ಇವತ್ತು ನೀನೇ ಹೋಗು ಎಂದೆ. ಕಾಲು ಉಳುಕಿರಲಿಲ್ಲ. ಅವನು ನನ್ನ ಕಾಲು ನೋಡಿದ, ರಸ್ತೆ ನೋಡಿದ, ನಕ್ಕ. "ಸುಳ್ಳು ಹೇಳ್ಲಿಕ್ಕೂ ನಿನಗೆ ಬರುದಿಲ್ಲ, ಮಾರಾಯ. ಕಟ್ಟು," ಎಂದು ಸೊಂಟ ತಿರುಗಿಸಿ ನಿಂತ. ನಾನು ಎರಡೂ ಕೈಯಲ್ಲಿ ಕಟ್ಟಿದೆ.